ಕಂಪನಿಯಿಂದ ಸುಸ್ಥಿರತೆಯ ಫಾರ್ಮ್ ಬಂದಿದೆ. ನಮ್ಮಂಥ ಸಣ್ಣ ಅಡುಗೆ ಕಾಂಟ್ರಾಕ್ಟರ್‌ಗಳು ನಿಜಕ್ಕೂ ಏನು ಮಾಡಬಹುದು?

ವಿಜಯನಗರ ಅಡುಗೆಮನೆ
ಎಲ್ಲರಿಗೂ ನಮಸ್ಕಾರ. ವಿಜಯನಗರದಲ್ಲಿ ನಮ್ಮ ಅಡುಗೆಮನೆ ಇದೆ. ಮದುವೆ, ನಾಮಕರಣ, ಗೃಹಪ್ರವೇಶದ ಅಡುಗೆ ನಮ್ಮ ಮೂಲ ಕೆಲಸ. ಅದರ ಜೊತೆಗೆ ಹೊರವರ್ತುಲ ರಸ್ತೆಯ ಒಂದು ಕಂಪನಿಯ ಕ್ಯಾಂಟೀನ್‌ಗೆ ಮಧ್ಯಾಹ್ನದ ಊಟ ಕಳಿಸುತ್ತೇವೆ. ಈಗ ಅಲ್ಲಿಂದ ಉದ್ದದ ಫಾರ್ಮ್ ಒಂದು ಬಂದಿದೆ. ಎಷ್ಟು ಇಂಗಾಲ ಹೊರಬಿಡುತ್ತೀರಿ, ನೀರು ಎಷ್ಟು ಬಳಸುತ್ತೀರಿ, ಕಸ ಎಲ್ಲಿಗೆ ಹೋಗುತ್ತದೆ, ಕೆಲಸದವರಿಗೆ ಪಿಎಫ್ ಇದೆಯಾ, ಸುಸ್ಥಿರ ಅಭಿವೃದ್ಧಿಗೆ ನಿಮ್ಮ ಕೊಡುಗೆ ಏನು, ಹೀಗೆ ಪುಟಗಟ್ಟಲೆ.

ಪರಿಚಯದವರೊಬ್ಬರು "ಏನೋ ಒಂದು ತುಂಬಿಸಿ ಕಳಿಸಿ, ಯಾರೂ ಓದಲ್ಲ" ಅಂದರು. ಹಾಗೆ ಮಾಡೋಕೆ ನನಗೆ ಮನಸ್ಸಿಲ್ಲ. ದಿನಾ ಇಷ್ಟೊಂದು ಗ್ಯಾಸ್ ಉರಿಸುತ್ತೇವೆ, ನೀರು ಸುರಿಯುತ್ತೇವೆ, ಮಿಕ್ಕ ಅನ್ನ ಹೋಗುವುದನ್ನು ಕಣ್ಣಾರೆ ನೋಡುತ್ತೇವೆ. ನಿಜವಾಗಿ ಏನಾದರೂ ಬದಲಾಯಿಸಬೇಕು ಅಂತಿದೆ. ಎಲ್ಲಿಂದ ಶುರು ಮಾಡಲಿ? ದೊಡ್ಡ ದುಡ್ಡು ಹಾಕುವ ಸ್ಥಿತಿ ನಮ್ಮದಲ್ಲ.

ಲೆಕ್ಕದ ಪುಸ್ತಕ
ಯಾರೂ ಓದಲ್ಲ ಅನ್ನುವ ಕಾಲ ಹೋಯಿತು ಸಾರ್. ಷೇರುಪೇಟೆಯ ಮೊದಲ 1000 ಕಂಪನಿಗಳು 2022–23ರಿಂದ ಬಿಆರ್‌ಎಸ್‌ಆರ್ ಅನ್ನುವ ಹೊಣೆಗಾರಿಕೆ, ಸುಸ್ಥಿರತೆಯ ವರದಿ ಕೊಡಲೇಬೇಕು. ಷೇರುಪೇಟೆಯನ್ನು ನಿಯಂತ್ರಿಸುವ ಸೆಬಿಯ ನಿಯಮ ಅದು. ವಿದ್ಯುತ್, ನೀರು, ಕಸ, ಕೆಲಸಗಾರರ ಸುರಕ್ಷತೆ, ಎಲ್ಲದರ ಅಂಕಿ ಅಂಶ ಅದರಲ್ಲಿ ಬರುತ್ತದೆ. ಪೂರೈಕೆದಾರರ ವಿವರ ಕೊಡುವುದನ್ನು ಸೆಬಿ 2025ರಲ್ಲಿ ಸ್ವಯಂಪ್ರೇರಿತ ಅಂತ ಮಾಡಿದೆ. ಆದರೂ ವಿದೇಶಿ ಗ್ರಾಹಕರು ಕಂಪನಿಯನ್ನು ಕೇಳುತ್ತಾರೆ, ಕಂಪನಿ ನಿಮ್ಮನ್ನು ಕೇಳುತ್ತದೆ.

ಇಂಗಾಲದ ಲೆಕ್ಕಕ್ಕೆ ಹೆದರಬೇಡಿ. ನಿಮ್ಮ ಬಿಲ್ಲುಗಳೇ ಸಾಕು. 19 ಕೆಜಿಯ ಸಿಲಿಂಡರ್ ಒಂದು ಖಾಲಿಯಾದರೆ ಸುಮಾರು 57 ಕೆಜಿ ಇಂಗಾಲದ ಡೈಆಕ್ಸೈಡ್. ಗಾಡಿಗೆ ಹಾಕುವ ಡೀಸೆಲ್ ಲೀಟರ್‌ಗೆ ಸುಮಾರು 2.7 ಕೆಜಿ. ಕರೆಂಟು ಯೂನಿಟ್‌ಗೆ ಸುಮಾರು 0.7 ಕೆಜಿ. ಒಂದು ವರ್ಷದ ಬಿಲ್ಲು ಹುಡುಕಿ ಗುಣಿಸಿ, ಕೂಡಿಸಿ. ಅಷ್ಟೇ.

ಪೀಣ್ಯ 2ನೇ ಹಂತ
ನಮ್ಮ ಮಶೀನ್ ಶಾಪ್‌ಗೂ ಇಂಥದ್ದೇ ಬಂದಿತ್ತು. ಫಾರ್ಮ್ ಕಳಿಸಿದವರೇ ಅದೇ ತಿಂಗಳು ರೇಟ್ ಇಳಿಸಿ ಅಂದರು. ಎರಡೂ ಒಟ್ಟಿಗೆ ಹೇಗೆ ಸಾಧ್ಯ? ಕಟಿಂಗ್ ಆಯಿಲ್ ಸರಿಯಾಗಿ ವಿಲೇವಾರಿ ಮಾಡಲು ಖರ್ಚಿದೆ, ಹಳೇ ಕಂಪ್ರೆಸರ್ ಬದಲಾಯಿಸಲು ಖರ್ಚಿದೆ. ಅದನ್ನು ಯಾರು ಕೊಡುತ್ತಾರೆ?

ಬಸ್ ಪಾಸ್
+1. ಕಂಪನಿಗಳು ಸಿಎಸ್‌ಆರ್‌ಗೆ ಅಂತ ಕೋಟಿಗಟ್ಟಲೆ ಇಡುತ್ತವಲ್ಲ, ಅದರಲ್ಲಿ ಕೊಡಲಿ.

ಲೆಕ್ಕದ ಪುಸ್ತಕ
@ಬಸ್ ಪಾಸ್ ಸಿಎಸ್‌ಆರ್ ಬೇರೆ, ಇದು ಬೇರೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ 500 ಕೋಟಿ ನಿವ್ವಳ ಮೌಲ್ಯ, ಇಲ್ಲವೇ 1000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ಲಾಭ ಇರುವ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2% ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ತನ್ನ ಮಾಮೂಲಿ ವ್ಯವಹಾರದ ಖರ್ಚನ್ನು ಅದರಲ್ಲಿ ತೋರಿಸುವ ಹಾಗಿಲ್ಲ. ಪೂರೈಕೆದಾರರಿಗೆ ನ್ಯಾಯವಾದ ರೇಟ್ ಕೊಡುವುದು ಮಾಮೂಲಿ ವ್ಯವಹಾರ. ಅದನ್ನು ಉಳಿದ 98%ರಲ್ಲಿ ಮಾಡಬೇಕು. ನನ್ನ ಪ್ರಕಾರ ಕಂಪನಿಯ ನಿಜವಾದ ಕೊಡುಗೆ ಕಾಣುವುದೂ ಅಲ್ಲೇ.

ಎಚ್‌ಎಸ್‌ಆರ್ ಗೊಬ್ಬರ
ಅಡುಗೆಮನೆ ಸಾರ್, ಮೊದಲು ಮೂರು ಬಕೆಟ್ ಇಡಿ. ಒಂದರಲ್ಲಿ ತರಕಾರಿ ಸಿಪ್ಪೆ, ತೊಟ್ಟು. ಇನ್ನೊಂದರಲ್ಲಿ ಕೊಳಗದಲ್ಲಿ ಮಿಕ್ಕಿದ್ದು. ಮೂರನೆಯದರಲ್ಲಿ ತಟ್ಟೆಯಲ್ಲಿ ಜನ ಬಿಟ್ಟದ್ದು. ಪ್ರತಿದಿನ ತೂಗಿ ಗೋಡೆ ಮೇಲೆ ಬರೆಯಿರಿ. ಮೂರಕ್ಕೂ ಮದ್ದು ಬೇರೆ ಬೇರೆ. ಸಿಪ್ಪೆ ಗೊಬ್ಬರಕ್ಕೆ ಹೋಗಲಿ. ಕೊಳಗದಲ್ಲಿ ಮಿಕ್ಕಿದರೆ ನಿಮ್ಮ ಅಂದಾಜು ತಪ್ಪಿದೆ ಅಂತ. ಕಂಪನಿಯಿಂದ ಬೆಳಗ್ಗೆಯೇ ಹಾಜರಿ ಸಂಖ್ಯೆ ತರಿಸಿಕೊಳ್ಳಿ. ಸೋಮವಾರ, ಶುಕ್ರವಾರ ಮನೆಯಿಂದ ಕೆಲಸ ಮಾಡುವವರು ಜಾಸ್ತಿ, ಆ ದಿನ ಅಕ್ಕಿ ಕಮ್ಮಿ ಹಾಕಿ. ತಟ್ಟೆಯಲ್ಲಿ ಬಿಡುವುದು ಜಾಸ್ತಿಯಿದ್ದರೆ ಬಡಿಸುವ ಸೌಟು ಚಿಕ್ಕದಾಗಲಿ, ಎರಡನೇ ಸಲ ಕೇಳಿ ಬಡಿಸಿ.

ಇದು ಸಣ್ಣ ವಿಷಯ ಅಲ್ಲ. ಹಸಿ ಕಸ ಗಾಳಿಯಿಲ್ಲದೆ ಗುಡ್ಡೆಯೊಳಗೆ ಕೊಳೆತರೆ ಮೀಥೇನ್ ಬರುತ್ತದೆ. 100 ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ 25 ಪಟ್ಟಿಗೂ ಜಾಸ್ತಿ ಬಿಸಿ ಹಿಡಿಯುತ್ತದೆ. 2030ರೊಳಗೆ ತಲಾ ಆಹಾರ ವ್ಯರ್ಥವನ್ನು ಅರ್ಧಕ್ಕೆ ಇಳಿಸಬೇಕು ಅನ್ನುವುದು ವಿಶ್ವಸಂಸ್ಥೆಯ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 12ನೆಯದರ ಭಾಗ. ಆ ಗುರಿಗೆ ನೇರವಾಗಿ ಕೈ ಹಾಕುವವರು ನಿಮ್ಮಂಥವರೇ.

ವಿಜಯನಗರ ಅಡುಗೆಮನೆ
@ಎಚ್‌ಎಸ್‌ಆರ್ ಗೊಬ್ಬರ ತುಂಬಾ ಥ್ಯಾಂಕ್ಸ್ ಮೇಡಂ. ಹಾಜರಿ ಸಂಖ್ಯೆ ಕೇಳುವುದು ನಮಗೆ ಹೊಳೆದೇ ಇರಲಿಲ್ಲ. ಗೊಬ್ಬರ ಮಾಡಲು ನಮ್ಮಲ್ಲಿ ಜಾಗ ಇಲ್ಲ, ಹಿಂದೆ ಮನೆಗಳಿವೆ. ವಾಸನೆ ಅಂತ ಗಲಾಟೆ ಆಗುತ್ತದೆ.

ಎಚ್‌ಎಸ್‌ಆರ್ ಗೊಬ್ಬರ
ವಾಸನೆ ಬರುವುದು ನೀರಿನಂಶ ಜಾಸ್ತಿ ಆದಾಗ. ಒಣ ಎಲೆ, ಕೊಕೊಪೀಟ್ ಇಲ್ಲವೇ ಮರದ ಹೊಟ್ಟು ಸಮವಾಗಿ ಹಾಕುತ್ತಾ ಬಂದರೆ ಬರೀ ಮಣ್ಣಿನ ವಾಸನೆ. ಸಾಂಬಾರು, ಎಣ್ಣೆ ಇರುವುದನ್ನು ಮಾತ್ರ ಸೋಸಿ ಹಾಕಬೇಕು. ಒಂದು ಸಲ ನಮ್ಮ ಎಚ್‌ಎಸ್‌ಆರ್ ಲೇಔಟ್‌ನ ಸ್ವಚ್ಛಾಗ್ರಹ ಕಲಿಕಾ ಕೇಂದ್ರಕ್ಕೆ ಬನ್ನಿ. ಬೇರೆ ಬೇರೆ ಥರದ ಗೊಬ್ಬರದ ತೊಟ್ಟಿಗಳನ್ನು ಒಂದೇ ಕಡೆ ನೋಡಬಹುದು.

ಒಣಕಸ
ನಾನು ಒಂದು ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಕಡೆಯಿಂದಲೂ ಒಂದು ಮಾತು.

ಕ್ಯಾಟರಿಂಗ್‌ನವರ ಚೀಲ ಬಿಚ್ಚಿದರೆ ಏನಿರುತ್ತದೆ ಗೊತ್ತಾ? ಮೊಸರನ್ನ ಮೆತ್ತಿದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಟಿಶ್ಯೂ ಪೇಪರ್, ಅದರ ಮೇಲೆ ಇರುವೆ. ಆ ಡಬ್ಬಿ ಚೊಕ್ಕಟವಾಗಿದ್ದರೆ ಕೆಜಿಗೆ ಇಷ್ಟು ಅಂತ ದುಡ್ಡು ಬರುತ್ತದೆ. ಮೆತ್ತಿಕೊಂಡಿದ್ದರೆ ಯಾರೂ ಕೊಳ್ಳಲ್ಲ, ಸುಡಲು ಕಳಿಸಬೇಕು. ಪೇಪರ್ ಲೋಟ ಪೇಪರ್ ಅಂತ ಎಲ್ಲರೂ ತಿಳಿದಿದ್ದಾರೆ. ಒಳಗೆ ತೆಳು ಪ್ಲಾಸ್ಟಿಕ್ ಪದರ ಇರುತ್ತದೆ. ಉಗುರಿನಿಂದ ಕೆರೆದು ನೋಡಿ, ಪೊರೆ ಹಾಗೇ ಎದ್ದು ಬರುತ್ತದೆ. ರದ್ದಿ ಪೇಪರ್ ಜೊತೆ ಅದು ಹೋಗಲ್ಲ. "ಕರಗುವ" ಚೀಲ ಅಂತ ಮಾರುವುದೂ ಎಲ್ಲ ಕಡೆ ಕರಗಲ್ಲ, ಅದಕ್ಕೆ ಬೇಕಾದ ಶಾಖ ಇರುವ ಘಟಕಕ್ಕೆ ಹೋದರೆ ಮಾತ್ರ.

ಬೆಂಗಳೂರಿನ ಒಣ ಕಸ ಬೇರೆಯಾಗಿ ಮತ್ತೆ ಕಾರ್ಖಾನೆ ಸೇರುತ್ತಿರುವುದು ಚಿಂದಿ ಆಯುತ್ತಿದ್ದವರ ಕೈಯಿಂದ. ಹಸಿರು ದಳದಂಥ ಸಂಘಟನೆಗಳು ಹೋರಾಡಿದ ಮೇಲೆ ಪಾಲಿಕೆ ಗುರುತಿನ ಚೀಟಿ ಕೊಟ್ಟಿತು, ಎಷ್ಟೋ ಜನ ಈಗ ಕೇಂದ್ರಗಳನ್ನು ತಾವೇ ನಡೆಸುತ್ತಾರೆ. ಸುಸ್ಥಿರತೆಯ ವರದಿಗಳಲ್ಲಿ ಅವರ ಹೆಸರೂ ಬರಲಿ.

ಮಲ್ಲೇಶ್ವರ 8ನೇ ಅಡ್ಡರಸ್ತೆ
ಒಣಕಸ ಅವರ ಮಾತು ಓದಿ ಮನಸ್ಸಿಗೆ ತಟ್ಟಿತು. ನಮ್ಮ ಮನೆಯಲ್ಲಿ ಹಾಲಿನ ಕವರ್ ತೊಳೆದು ಒಣಗಿಸಿ ಕೊಡುತ್ತೇವೆ. ತುದಿ ಕತ್ತರಿಸಿ ಬೇರೆ ಎಸೆಯಬೇಡಿ, ಚೂರು ಚರಂಡಿ ಸೇರುತ್ತದೆ. ಸೀಳು ಕೊಟ್ಟು ಬಿಡಿ ಸಾಕು.

ಜಯನಗರ 4ನೇ ಬ್ಲಾಕ್
ಮದುವೆಗಳಲ್ಲಿ ಬಳಸಿ ಎಸೆಯುವ ತಟ್ಟೆ ಬಿಡಿ. ಅದಮ್ಯ ಚೇತನದವರ ಪ್ಲೇಟ್ ಬ್ಯಾಂಕ್‌ನಲ್ಲಿ ಸ್ಟೀಲ್ ತಟ್ಟೆ, ಲೋಟ ಸಿಗುತ್ತದೆ, ಬಳಸಿ ತೊಳೆದು ವಾಪಸ್ ಕೊಟ್ಟರಾಯಿತು. ಬಾಳೆ ಎಲೆ ಇದ್ದೇ ಇದೆ.

ಬೆಳ್ಳಂದೂರು ನಿವಾಸಿ
ಸ್ಟೀಲ್ ಅಂದರೆ ತೊಳೆಯಲು ನೀರು ಬೇಕಲ್ಲ? 2024ರ ಬೇಸಿಗೆಯಲ್ಲಿ ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಕೈ ತೊಳೆಯಲೂ ಯೋಚಿಸುವ ಹಾಗಾಗಿತ್ತು. ಆಗ ಎಲ್ಲರೂ ಅಡಿಕೆ ಹಾಳೆ ತಟ್ಟೆಯಲ್ಲೇ ತಿಂದೆವು.

ಜಯನಗರ 4ನೇ ಬ್ಲಾಕ್
ಹಾಳೆ ತಟ್ಟೆಯೂ ಒಳ್ಳೆಯದೇ, ಪ್ಲಾಸ್ಟಿಕ್ ಮಾತ್ರ ಬೇಡ ಅಂದೆ. 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ ಎಲ್ಲ ದೇಶದಲ್ಲೇ ನಿಷೇಧ. ಕರ್ನಾಟಕದಲ್ಲಿ 2016ರಿಂದಲೇ ಇದೆ. ಆದರೂ ಅಂಗಡಿಗಳಲ್ಲಿ ಸಿಗುತ್ತದೆ, ಜನ ತರುತ್ತಾರೆ.

ವಿಜಯನಗರ ಅಡುಗೆಮನೆ
ನೀರಿನ ವಿಷಯಕ್ಕೆ ನಮ್ಮ ಅನುಭವ ಹೇಳುತ್ತೇನೆ. ನಲ್ಲಿ ಬಿಟ್ಟುಕೊಂಡು ತೊಳೆದರೆ ನೀರಿಗೆ ಲೆಕ್ಕವೇ ಇಲ್ಲ. ನಾವು ಮೂರು ತೊಟ್ಟಿ ಇಟ್ಟಿದ್ದೇವೆ. ಮೊದಲು ತಟ್ಟೆ ಬಳಿದು ಎಂಜಲು ತೆಗೆಯಬೇಕು. ಮೊದಲ ತೊಟ್ಟಿಯಲ್ಲಿ ಸೋಪು, ಎರಡನೆಯದರಲ್ಲಿ ಜಾಲಾಡುವುದು, ಮೂರನೆಯದು ಬಿಸಿನೀರು. ಮೂರನೆಯದು ತಣ್ಣಗಾದಾಗ ಅದೇ ನೀರು ಎರಡನೆಯದಕ್ಕೆ ಬರುತ್ತದೆ, ಎರಡನೆಯದು ನೆಲ ತೊಳೆಯಲು. ನಮ್ಮ ಪಾತ್ರೆ ತೊಳೆಯುವ ಅಕ್ಕನೇ ಹೇಳಿಕೊಟ್ಟ ಉಪಾಯ ಇದು. ಅವರ ಊರಿನಲ್ಲಿ ನೀರು ಹೊತ್ತು ತರುತ್ತಿದ್ದರಂತೆ, ಒಂದು ಚೊಂಬೂ ಸುಮ್ನೆ ಚೆಲ್ಲಲು ಬಿಡಲ್ಲ.

ಕಾರ್ಪೊರೇಟ್ ಕೆಲಸಗಾರ್ತಿ
ನಾನು ಇಂಥ ಫಾರ್ಮ್ ಕಳಿಸುವ ತಂಡದಲ್ಲೇ ಇದ್ದೇನೆ (ಬೇರೆ ಕಂಪನಿ). ಮೂರು ತೊಟ್ಟಿಯ ವಿಷಯ ದಯವಿಟ್ಟು ಹಾಗೇ ಬರೆದು ಕಳಿಸಿ. ನಮಗೆ ಬರುವ ಫಾರ್ಮ್‌ಗಳಲ್ಲಿ ಮುಕ್ಕಾಲು ಪಾಲು ಅಂತರ್ಜಾಲದಿಂದ ಎತ್ತಿದ ವಾಕ್ಯಗಳು. ಒಂದು ನಿಜವಾದ ಕೆಲಸದ ವಿವರ ಸಿಕ್ಕರೆ ಖುಷಿ ಆಗುತ್ತದೆ.

@ಪೀಣ್ಯ ನೀವು ಹೇಳಿದ ರೇಟಿನ ವಿಷಯ ನೂರಕ್ಕೆ ನೂರು ಸರಿ. ಖರೀದಿ ವಿಭಾಗ ಬೇರೆ, ಸುಸ್ಥಿರತೆಯ ವಿಭಾಗ ಬೇರೆ. ಇಬ್ಬರೂ ಒಂದೇ ಟೇಬಲ್‌ನಲ್ಲಿ ಕೂರುವ ತನಕ ಇದು ಸರಿಹೋಗಲ್ಲ. ನಾನು ಒಳಗಿನಿಂದ ಇದನ್ನೇ ಹೇಳುತ್ತಾ ಬಂದಿದ್ದೇನೆ.

ಬಸ್ ಪಾಸ್
ಒಳಗಿನವರೇ ಒಪ್ಪಿಕೊಂಡ ಮೇಲೆ ಇನ್ನೇನು. ದೊಡ್ಡವರು ಬದಲಾಗದೆ ನಾವು ಹಾಲಿನ ಕವರ್ ತೊಳೆದು ಏನು ಉಪಯೋಗ? ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಿದ್ದು ನಮ್ಮ ಮನೆಯಿಂದಲ್ಲ.

ಬೆಳ್ಳಂದೂರು ನಿವಾಸಿ
@ಬಸ್ ಪಾಸ್ ಇದನ್ನು ಒಪ್ಪಲ್ಲ. ನಾನು ಆ ಕೆರೆ ಪಕ್ಕದಲ್ಲೇ ಇದ್ದೇನೆ, ನೊರೆ ಹಾರಿ ಗಾಡಿ ಮೇಲೆ ಬೀಳುವುದನ್ನು ನೋಡಿದ್ದೇನೆ. ಆ ಕೆರೆಗೆ ಬರುತ್ತಿದ್ದದ್ದು ಬಹುಪಾಲು ಮನೆಗಳ ಕೊಳಚೆ ನೀರು. ನಮ್ಮ ಬಟ್ಟೆ ಸೋಪಿನ ಪುಡಿಯೇ ಆ ನೊರೆ. ಒಳಚರಂಡಿ, ಶುದ್ಧೀಕರಣ ಘಟಕ ಕಟ್ಟಬೇಕಾದವರು ಸಮಯಕ್ಕೆ ಕಟ್ಟಲಿಲ್ಲ, ನಿಜ. ಸ್ವಂತ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಕಟ್ಟಿಕೊಂಡ ಅಪಾರ್ಟ್‌ಮೆಂಟ್‌ಗಳು ಕರೆಂಟು ಬಿಲ್ಲು ಉಳಿಸಲು ರಾತ್ರಿ ಆಫ್ ಮಾಡುತ್ತಿದ್ದದ್ದೂ ನಿಜ. ನಮ್ಮ ಸಂಘದ ಸಭೆಯಲ್ಲಿ ಇದೇ ವಿಷಯಕ್ಕೆ ಜಗಳ ಆಗಿದೆ.

ಬಸ್ ಪಾಸ್
ಸರಿ, ಆದರೆ ಪ್ರಮಾಣ ನೋಡಬೇಕು ಅಂತ ಮಾತ್ರ ನಾನು ಹೇಳಿದ್ದು. ನಾನೂ ಕಾರು ಇಟ್ಟುಕೊಂಡಿಲ್ಲ. ಬಿಎಂಟಿಸಿ, ಮೆಟ್ರೋ ಅಷ್ಟೇ.

ಕೋಲಾರದವ
ಬೆಂಗಳೂರಿನವರು ಕೊಳಚೆ ನೀರಿನ ಬಗ್ಗೆ ಮಾತಾಡುವಾಗ ನಮ್ಮನ್ನೂ ನೆನೆಯಿರಿ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ನಿಮ್ಮ ಸಂಸ್ಕರಿಸಿದ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ನೀರು ಬಂದಿದೆ, ಅದನ್ನು ಇಲ್ಲ ಅನ್ನಲ್ಲ. ಆದರೆ ಎರಡನೇ ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತದ್ದೂ ಆಗಬೇಕು ಅಂತ ನಮ್ಮ ರೈತರು ಕೇಳುತ್ತಲೇ ಇದ್ದಾರೆ. ನೀವು ಸಿಂಕಿಗೆ ಏನು ಸುರಿಯುತ್ತೀರೋ ಅದು ನಮ್ಮ ಟೊಮೆಟೊ ತೋಟದ ಅಂತರ್ಜಲಕ್ಕೆ ಬರುತ್ತದೆ. ಅಡುಗೆಮನೆಯವರು ಕರಿದ ಎಣ್ಣೆ ಏನು ಮಾಡುತ್ತೀರಿ?

ವಿಜಯನಗರ ಅಡುಗೆಮನೆ
@ಕೋಲಾರದವ ಚರಂಡಿಗೆ ಹಾಕಲ್ಲ ಅಣ್ಣ. ಡಬ್ಬಿಯಲ್ಲಿ ಸೇರಿಸಿ ಇಟ್ಟಿದ್ದೇವೆ. ಒಬ್ಬರು ಬಂದು ತಗೊಂಡು ಹೋಗುತ್ತೇವೆ ಅಂತಾರೆ, ಎಲ್ಲಿಗೆ ಅಂತ ಹೇಳಲ್ಲ. ಅದಕ್ಕೇ ಕೊಟ್ಟಿಲ್ಲ.

ಲೆಕ್ಕದ ಪುಸ್ತಕ
ಕೊಡದೇ ಇದ್ದದ್ದು ಒಳ್ಳೆಯದಾಯಿತು. ಹಾಗೆ ಹೋದ ಎಣ್ಣೆ ಸೋಸಿ ಮತ್ತೆ ಬೀದಿ ಬದಿಯ ಬಾಣಲೆಗೆ ಬರುವುದುಂಟು. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ, ಬಳಸಿದ ಎಣ್ಣೆಯಿಂದ ಬಯೋಡೀಸೆಲ್ ಮಾಡಿಸುವ 'ರುಕೋ' ಯೋಜನೆಯನ್ನು 2018ರಲ್ಲಿ ಶುರು ಮಾಡಿದೆ. ಅದರಲ್ಲಿ ನೋಂದಾಯಿಸಿದ ಸಂಗ್ರಾಹಕರಿಗೆ ಮಾತ್ರ ಕೊಟ್ಟು ರಸೀದಿ ಇಟ್ಟುಕೊಳ್ಳಿ. ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆಯಲ್ಲಿ ಹೆಚ್ಚುವ ಪೋಲಾರ್ ಅಂಶ 25% ದಾಟಿದರೆ ಬಳಸುವ ಹಾಗಿಲ್ಲ ಅನ್ನುವ ನಿಯಮವೂ ಆ ವರ್ಷದ್ದೇ. ಆ ರಸೀದಿ ಫಾರ್ಮ್ ಜೊತೆ ಲಗತ್ತಿಸಬಹುದು.

ಮಲ್ಲೇಶ್ವರ 8ನೇ ಅಡ್ಡರಸ್ತೆ
ಇಡ್ಲಿ ತಟ್ಟೆಗೆ ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆ ಹಾಕುತ್ತಾರೆ ಅಂತ 2025ರಲ್ಲಿ ಸುದ್ದಿ ಬಂದು ಸರ್ಕಾರ ನಿಷೇಧಿಸಿತಲ್ಲ. ನೀವು ಬಟ್ಟೆಯಲ್ಲೇ ಮಾಡುತ್ತೀರಿ ಅಲ್ವಾ?

ವಿಜಯನಗರ ಅಡುಗೆಮನೆ
ಬಟ್ಟೆಯಲ್ಲೇ ಅಮ್ಮ. ದಿನಾ ಕುದಿಸಿ ಒಣಗಿಸುತ್ತೇವೆ.

ಕೆಂಗೇರಿ ಉಪನಗರ
ಸೋಲಾರ್ ವಾಟರ್ ಹೀಟರ್ ಹಾಕಿಸಿ. 25 ಡಿಗ್ರಿಯ ನೀರನ್ನು 100ಕ್ಕೆ ಏರಿಸಲು ಗ್ಯಾಸ್ ಉರಿಸುತ್ತೀರಿ. ಬಿಸಿಲೇ 60ರ ತನಕ ತಂದುಕೊಟ್ಟರೆ ಕುದಿ ಬರಿಸುವ ಖರ್ಚಿನಲ್ಲಿ ಅರ್ಧದ ಹತ್ತಿರ ಉಳಿಯಿತು. ಅನ್ನ, ಸಾಂಬಾರಿಗೆಲ್ಲ ಅದೇ ನೀರು ಬಳಸಿ.

ಪೀಣ್ಯ 2ನೇ ಹಂತ
ಅಡುಗೆಗೆ ಬೇಡ. ಗೀಸರ್ ಟ್ಯಾಂಕಿನ ನೀರು ಕುಡಿಯಲು, ಅಡುಗೆಗೆ ಅಂತ ಮಾಡಿದ್ದಲ್ಲ. ನಮ್ಮ ಕಡೆ ಬೋರ್ ನೀರಿನ ಗಡಸಿಗೆ ಒಳಗೆ ಪದರ ಕಟ್ಟುತ್ತದೆ. ಪಾತ್ರೆ ತೊಳೆಯುವ ಆ ಮೂರನೇ ತೊಟ್ಟಿಗೆ ಬಳಸಿ, ಅಷ್ಟೇ ದೊಡ್ಡ ಉಳಿತಾಯ.

ಬಸ್ ಪಾಸ್
ಸೂರ್ಯಘರ್ ಸಬ್ಸಿಡಿ ಸಿಗಲ್ವಾ?

ಪೀಣ್ಯ 2ನೇ ಹಂತ
ಅದು ಚಾವಣಿಯ ವಿದ್ಯುತ್‌ಗೆ, ಅದೂ ಮನೆಗಳಿಗೆ ಮಾತ್ರ. 3 ಕಿಲೋವಾಟ್‌ಗೆ 78,000 ರೂಪಾಯಿ. ನಮ್ಮಂಥ ಉದ್ಯಮಗಳಿಗೆ ಇಲ್ಲ.

ಕೋಲಾರದವ
ಇನ್ನೊಂದು. ಅಕ್ಕಿ ಒಂದೇ ಯಾಕೆ? ಒಂದು ಕೆಜಿ ಅಕ್ಕಿ ಬೆಳೆಯಲು 2500 ಲೀಟರ್ ಆಸುಪಾಸು ನೀರು ಬೇಕು ಅಂತಾರೆ. ನಮ್ಮ ರಾಗಿ ಬಹುತೇಕ ಮಳೆ ನೀರಿನಲ್ಲೇ ಬೆಳೆಯುತ್ತದೆ. ವಾರದಲ್ಲಿ ಎರಡು ದಿನ ಮುದ್ದೆ, ಬಸ್ಸಾರು ಹಾಕಿ. ಐಟಿಯವರೂ ತಿಂತಾರೆ. ರಾಗಿಯನ್ನು ರೈತರ ಗುಂಪಿನಿಂದ ನೇರವಾಗಿ ತಗೊಂಡರೆ ಮಧ್ಯದವರ ಕಮಿಷನ್ ಉಳಿಯುತ್ತದೆ, ನಮಗೂ ಬೆಲೆ ಸಿಗುತ್ತದೆ.

ಜಯನಗರ 4ನೇ ಬ್ಲಾಕ್
ಬಸ್ಸಾರು ಅಂದರೆ ನಾನೂ ಬರುತ್ತೇನೆ.

ಜಕ್ಕೂರು ಕೆರೆ ದಂಡೆ
ತಡವಾಗಿ ಬಂದೆ. ನೀರಿನ ಬಗ್ಗೆ ಒಂದು ಲೆಕ್ಕ ಕೊಡುತ್ತೇನೆ. ನಮಗೆ ಬರುವ ಕಾವೇರಿ 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ ಮೂರು ಹಂತಗಳಲ್ಲಿ ಪಂಪ್ ಆಗಿ ಬರುತ್ತದೆ. ಅಂದರೆ ಪ್ರತಿ ಕೊಡದಲ್ಲೂ ಕರೆಂಟು ಇದೆ. 2024ರ ಅಕ್ಟೋಬರ್‌ನಲ್ಲಿ 5ನೇ ಹಂತ ಶುರುವಾಗಿ ದಿನಕ್ಕೆ 77.5 ಕೋಟಿ ಲೀಟರ್ ಜಾಸ್ತಿ ತರುವ ವ್ಯವಸ್ಥೆ ಆಯಿತು. ಊರು ಬೆಳೆಯುವ ವೇಗಕ್ಕೆ ಅದೂ ಸಾಲದಾಗಬಹುದು.

ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿ.ಮೀ. ಮಳೆ. 30x40 ಸೈಟಿನ ಮೇಲೆ ಬೀಳುವುದೇ ಒಂದು ಲಕ್ಷ ಲೀಟರ್ ಮೇಲೆ. ಸೋರಿದ್ದು, ಆವಿಯಾದದ್ದು ಕಳೆದರೂ 80 ಸಾವಿರ ಸಿಗುತ್ತದೆ. ಜಲಮಂಡಳಿ ಮಳೆ ಕೊಯ್ಲನ್ನು 2009ರಲ್ಲೇ ಕಡ್ಡಾಯ ಮಾಡಿದೆ. ಪೈಪ್ ಹಾಕಿಸಿ ದಂಡ ತಪ್ಪಿಸಿಕೊಂಡವರು ಬೇಕಾದಷ್ಟಿದ್ದಾರೆ. ಮಳೆಗಾಲಕ್ಕೆ ಮುಂಚೆ ಫಿಲ್ಟರ್ ತೊಳೆಯುವವರು ಕಮ್ಮಿ.

ನಮ್ಮ ಜಕ್ಕೂರು ಕೆರೆಯಲ್ಲಿ ಸಂಸ್ಕರಿಸಿದ ನೀರು ಜೊಂಡಿನ ಜೌಗು ದಾಟಿ ಕೆರೆ ಸೇರುತ್ತದೆ. ಸರ್ಕಾರ, ಸ್ಥಳೀಯರು, ಮೀನುಗಾರರು ಎಲ್ಲರೂ ತಮ್ಮ ಪಾಲು ಮಾಡಿದ್ದಕ್ಕೆ ಅದು ಉಳಿದಿದೆ. ಯಾರೋ ಒಬ್ಬರು ಬಂದು ಗಿಡ ನೆಟ್ಟು ಫೋಟೋ ತೆಗೆಸಿಕೊಂಡು ಹೋಗಿದ್ದಕ್ಕೆ ಅಲ್ಲ. ಗಿಡ ನೆಡುವ ಕಂಪನಿಗಳಿಗೆ ನಾನು ಕೇಳುವುದು ಒಂದೇ. ಮುಂದಿನ ಎರಡು ಮೂರು ಬೇಸಿಗೆ ನೀರು ಹಾಕುವವರ ಸಂಬಳಕ್ಕೆ ಮೊದಲೇ ದುಡ್ಡು ಇಡಿ.

ಕಾರ್ಪೊರೇಟ್ ಕೆಲಸಗಾರ್ತಿ
@ಜಕ್ಕೂರು ಇದನ್ನು ನಮ್ಮ ತಂಡಕ್ಕೆ ಕಳಿಸುತ್ತೇನೆ.

ಪೀಣ್ಯ, ಅಡುಗೆಮನೆ ಇಬ್ಬರಿಗೂ ಒಂದು ಮುಖ್ಯ ವಿಷಯ. ಸೆಬಿಯ ಬಿಆರ್‌ಎಸ್‌ಆರ್ ಕೋರ್ (ಆ ವರದಿಯ ಮುಖ್ಯ ಅಂಶಗಳು) ಪಟ್ಟಿಯಲ್ಲಿ ಇಂಗಾಲ, ನೀರಿನ ಜೊತೆಗೆ ಇನ್ನೊಂದು ಅಂಶ ಇದೆ. ಪೂರೈಕೆದಾರರಿಗೆ ಎಷ್ಟು ದಿನಕ್ಕೆ ದುಡ್ಡು ಕೊಡುತ್ತೀರಿ, ಸಣ್ಣ ಉದ್ಯಮಗಳಿಂದ ಎಷ್ಟು ಕೊಳ್ಳುತ್ತೀರಿ ಅನ್ನುವುದನ್ನು ಕಂಪನಿ ಹೇಳಬೇಕು. ಅಂದರೆ ನಿಮ್ಮ ಬಿಲ್ಲು ಸಮಯಕ್ಕೆ ಪಾಸಾಗುವುದೂ ಸುಸ್ಥಿರತೆಯ ಲೆಕ್ಕದಲ್ಲೇ ಬರುತ್ತದೆ. ಅವರು ನಿಮ್ಮನ್ನು ಕೇಳಿದ ಹಾಗೆ ನೀವೂ ಅವರನ್ನು ಕೇಳಬಹುದು.

ಪೀಣ್ಯ 2ನೇ ಹಂತ
ಇದು ಗೊತ್ತಿರಲಿಲ್ಲ! ನಮಗೆ 90 ದಿನ, ಕೆಲವು ಸಲ 120 ದಿನ ಆಗುತ್ತದೆ. ಸಾಲದ ಬಡ್ಡಿ ಕಟ್ಟಿ ಕಟ್ಟಿ ಸಾಕಾಗಿದೆ. ಆ ಬಡ್ಡಿ ಉಳಿದರೆ ಕಂಪ್ರೆಸರ್ ನಾನೇ ಬದಲಾಯಿಸುತ್ತೇನೆ.

ಲೆಕ್ಕದ ಪುಸ್ತಕ
ಕಾನೂನೂ ನಿಮ್ಮ ಕಡೆಗಿದೆ. ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಅತಿಸಣ್ಣ, ಸಣ್ಣ ಉದ್ಯಮಕ್ಕೆ ಲಿಖಿತ ಒಪ್ಪಂದ ಇದ್ದರೂ 45 ದಿನದೊಳಗೆ ಕೊಡಬೇಕು, ಇಲ್ಲದಿದ್ದರೆ 15 ದಿನ. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದಾಯ ತೆರಿಗೆ ಕಾಯ್ದೆಯಲ್ಲೂ 2023ರಲ್ಲಿ 43ಬಿ(ಎಚ್) ಅಂತ ಒಂದು ನಿಯಮ ಸೇರಿಸಿದರು. ಗಡುವು ಮೀರಿಸಿದರೆ ದುಡ್ಡು ನಿಜವಾಗಿ ಕೊಟ್ಟ ವರ್ಷವೇ ಆ ಖರ್ಚನ್ನು ಕಂಪನಿ ತೋರಿಸಬೇಕು.

ವಿಜಯನಗರ ಅಡುಗೆಮನೆ
ಗ್ರಾಹಕ ಕೈ ತಪ್ಪುತ್ತಾರೆ ಅನ್ನುವ ಭಯ ಇರುತ್ತದಲ್ಲ ಸಾರ್. ಕಾನೂನು ತೋರಿಸಿದರೆ ಮುಂದಿನ ವರ್ಷ ಕಾಂಟ್ರಾಕ್ಟ್ ಇರಲ್ಲ.

ಲೆಕ್ಕದ ಪುಸ್ತಕ
ಜಗಳದ ದಾರಿ ಬೇಡ. ಫಾರ್ಮ್ ಜೊತೆ ಇಡುವ ಪತ್ರದಲ್ಲಿ ಹೀಗೆ ಬರೆಯಿರಿ: "ಆಹಾರ ವ್ಯರ್ಥ ತೂಗಲು ಶುರು ಮಾಡಿದ್ದೇವೆ. ಇದಕ್ಕೆ ತಮ್ಮ ಕಡೆಯಿಂದ ಬೆಳಗ್ಗೆ 8ರೊಳಗೆ ಹಾಜರಿ ಸಂಖ್ಯೆ ಬೇಕು. ಕರಿದ ಎಣ್ಣೆಯನ್ನು ನೋಂದಾಯಿತ ಸಂಗ್ರಾಹಕರಿಗೆ ಕೊಡುತ್ತೇವೆ, ರಸೀದಿ ಲಗತ್ತಿಸುತ್ತೇವೆ. ಬಿಲ್ಲು 45 ದಿನದೊಳಗೆ ಬಂದರೆ ಸೋಲಾರ್ ಹೀಟರ್ ಈ ವರ್ಷವೇ ಹಾಕಿಸುತ್ತೇವೆ." ಏನು ಮಾಡುತ್ತೀರಿ, ಅದಕ್ಕೆ ಅವರಿಂದ ಏನು ಬೇಕು, ಎರಡೂ ಒಂದೇ ಪತ್ರದಲ್ಲಿ ಇರಲಿ.

ಕಾರ್ಪೊರೇಟ್ ಕೆಲಸಗಾರ್ತಿ
ಚೆನ್ನಾಗಿದೆ. ಖರೀದಿ ವಿಭಾಗಕ್ಕೂ, ಸುಸ್ಥಿರತೆಯ ವಿಭಾಗಕ್ಕೂ ಒಂದೇ ಮೇಲ್‌ನಲ್ಲಿ ಕಳಿಸಿ. ಬೇರೆ ಬೇರೆ ಕಳಿಸಿದರೆ ಇಬ್ಬರೂ ಮಾತಾಡಿಕೊಳ್ಳಲ್ಲ.

ಪೀಣ್ಯ 2ನೇ ಹಂತ
ಇದೇ ಪತ್ರ ನಾನೂ ಕಳಿಸುತ್ತೇನೆ, ಎಣ್ಣೆಯ ಜಾಗದಲ್ಲಿ ಕಟಿಂಗ್ ಆಯಿಲ್ ಅಂತ ಹಾಕಿ.

ಕೆಂಗೇರಿ ಉಪನಗರ
@ಜಕ್ಕೂರು ನಮ್ಮ ಕಡೆ ಅಗೆದರೆ ಬಂಡೆ ಸಿಗುತ್ತದೆ. ಇಂಗು ಬಾವಿ ಆಗುತ್ತಾ?

ಜಕ್ಕೂರು ಕೆರೆ ದಂಡೆ
ಮೇಲೆಯೇ ಗಟ್ಟಿ ಬಂಡೆ ಇದ್ದರೆ ಸಂಪ್ ದೊಡ್ಡದು ಮಾಡಿ ನೀರು ಹಿಡಿದು ಬಳಸಿ. ಒಂದೆರಡು ಆಳು ಮಣ್ಣಿದ್ದರೆ ಬಾವಿ ತೋಡುವ ಮಣ್ಣು ವಡ್ಡರನ್ನು ಕರೆಸಿ ತೋರಿಸಿ. ಅವರು ಮಣ್ಣು ನೋಡಿ ಹೇಳುತ್ತಾರೆ.

ಲೆಕ್ಕದ ಪುಸ್ತಕ
ಪತ್ರ ಕಳಿಸುವವರಿಗೆ: ಉದ್ಯಮ್ ನೋಂದಣಿ ಸಂಖ್ಯೆ ಪ್ರತಿ ಬಿಲ್ಲಿನ ಮೇಲೂ ಇರಲಿ. ಅದಿಲ್ಲದಿದ್ದರೆ ನೀವು ಸಣ್ಣ ಉದ್ಯಮ ಅಂತ ಕಂಪನಿಯ ಲೆಕ್ಕ ವಿಭಾಗಕ್ಕೆ ಗೊತ್ತೇ ಆಗಲ್ಲ.